ಮಡಿಯೊಳಗಿನ ಸೊಪ್ಪು, ಮಡಿಯಾಚೆಯ ಸೊಪ್ಪು

ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ದೆಹಲಿಯ ಸರ್ಕಾರಿ ವಸತಿಗೃಹಗಳ ಹಿತ್ತಲುಗಳಲ್ಲಿ ಎರಡು ಬಗೆಯ ಹಸಿರು ಒಟ್ಟಿಗೆ ತಲೆಯೆತ್ತುತ್ತದೆ. ಒಂದು ನಾವು ಬಿತ್ತಿದ್ದು. ಚಳಿಗಾಲದ ಮೆಂತ್ಯ, ಪಾಲಕ್, ಮೂಲಂಗಿಗಳ ಮಡಿಗಳು ತೆರವಾಗುತ್ತಿದ್ದಂತೆ ಬೇಸಿಗೆಗೆಂದು ಊರಿದ ಬೆಂಡೆ, ಸೋರೆ, ಹೀರೆ, ಸೌತೆ, ಹಾಗಲಗಳ ಮೊಳಕೆ. ಇನ್ನೊಂದು ಯಾರೂ ಬಿತ್ತದ್ದು. ಗರಗಸದಂತಹ ಅಂಚು, ಅಂಗೈ ಬಿಚ್ಚಿದಂತೆ ಹರಡಿದ ಎಲೆಬೆರಳುಗಳು, ಕಿವುಚಿದರೆ ಮೂಗಿಗೆ ಹತ್ತುವ ಕಟುವಾದ ವಾಸನೆ. ಕಾಂಪೌಂಡ್ ಗೋಡೆಯ ಬುಡ, ಚರಂಡಿಯ ಅಂಚು, ಮಲಿನ ಮಣ್ಣಿನ ಗುಡ್ಡೆ, ರೈಲು ಹಳಿಯ ಪಕ್ಕ, ಯಮುನೆಯ ದಂಡೆ ಎಲ್ಲವೂ ಅದರ ನೆಲೆಯೇ. ಮೆಂತ್ಯದ ಮಡಿಯ ನಡುವೆ ಎದ್ದಾಗ ಮಾಲಿ ಅದನ್ನು ಖುರ್ಪಿಯಿಂದ ಕಿತ್ತು ಗೋಡೆಯಾಚೆ ಎಸೆಯುತ್ತಾನೆ. ಅವನಿಗೆ ಅದು ಕಳೆ. ಮಹಾಶಿವರಾತ್ರಿಯಿಂದ ಹೋಳಿಯವರೆಗೆ ಅದೇ ಸೊಪ್ಪು ಅರೆದು ಹಾಲಿಗೆ ಬೆರೆಸಿದ ಪ್ರಸಾದ. ಪೊಲೀಸರ ಪಂಚನಾಮೆಯಲ್ಲಿ ಅದೇ ಗಿಡ ಮುದ್ದೆಮಾಲು.

ಕನ್ನಡದಲ್ಲಿ ಇದಕ್ಕೆ ಭಂಗಿ ಎಂಬ ಹೆಸರಿದೆ. ಸಂಸ್ಕೃತದ ಭಂಗಾ ಎಂಬ ಶಬ್ದಕ್ಕೆ ಸಂಬಂಧಿಸಿದ ಮಾತು. ಆದರೆ ಉತ್ತರಕ್ಕೆ ಬಂದ ಕನ್ನಡಿಗರು ಆ ಶಬ್ದವನ್ನು ಇಲ್ಲಿ ಬಾಯಿಬಿಟ್ಟು ಆಡಬಾರದು. ಹಿಂದಿಯಲ್ಲಿ ಅದೇ ಧ್ವನಿಯ ಪದ, ಶತಮಾನಗಳಿಂದ ಊರಿನ ಹೊಲಸನ್ನು ಹೊತ್ತ ಒಂದು ಸಮುದಾಯವನ್ನು ಹೀಗಳೆಯುವ ಬೈಗುಳ. ಗಿಡಕ್ಕೆ ಇಲ್ಲಿ ಹೇಳುವುದು ಭಾಂಗ್. ಅಭ್ಯಾಸವೂ ಬೇರೆ. ನಮ್ಮ ಕಡೆ ಭಂಗಿಯನ್ನು 'ಸೇದು'ತ್ತಾರೆ, ಇಲ್ಲಿ ಭಾಂಗನ್ನು 'ಅರೆ'ಯುತ್ತಾರೆ, ಕುಡಿಯುತ್ತಾರೆ. ಒಂದೇ ಗಿಡದ ಬೇರೆ ಬೇರೆ ಅಂಗಗಳನ್ನು ಬೇರೆ ಬೇರೆ ಪ್ರಾಂತಗಳು ಆಯ್ದುಕೊಂಡದ್ದರ ಗುರುತು ಈ ಕ್ರಿಯಾಪದಗಳಲ್ಲಿದೆ. ಎಲೆ ಭಾಂಗ್. ಹೆಣ್ಣು ಗಿಡದ ಹೂಗೊಂಚಲು ಗಾಂಜಾ. ಅದರಿಂದ ಒಸರುವ ಅಂಟು ಚರಸ್. ಈ ಮೂರು ಹೆಸರುಗಳ ನಡುವಿನ ಅಂತರವೇ ಮುಂದೆ ಕಾನೂನಿನ ಅಂತರವೂ ಆಯಿತು.

ಈ ಗಿಡ ಎಂದಿನಿಂದ ಕಳೆಯಾಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಮೊದಲು ಸಿಗುವುದು ವ್ಯಾಕರಣ. ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ, ಬೆಳೆಯ ಹೆಸರಿನಿಂದ ಹೊಲದ ಹೆಸರು ಹೇಗೆ ಹುಟ್ಟುತ್ತದೆ ಎಂಬುದನ್ನು ಹೇಳುತ್ತಾನೆ. ಅಲ್ಲಿ ಎಳ್ಳು, ಉದ್ದು, ಅಗಸೆ, ಅಣುವೆಂಬ ಕಿರುಧಾನ್ಯ ಇವುಗಳ ಸಾಲಿನಲ್ಲೇ ಭಂಗಾ ಕೂಡ ಇದೆ. ಎಳ್ಳಿನ ಹೊಲಕ್ಕೆ ತಿಲ್ಯ, ಭಂಗೆಯ ಹೊಲಕ್ಕೆ ಭಂಗ್ಯ. ಹೊಲಕ್ಕೆ ಹೆಸರೇ ಬರಬೇಕಾದರೆ ಅದನ್ನು ಉತ್ತು ಬಿತ್ತಿ ಬೆಳೆಯುವ ರೂಢಿ ಇದ್ದಿರಬೇಕು. ಮಗ್ಗುಲಲ್ಲಿ ಅಗಸೆ ಇರುವುದನ್ನು ನೋಡಿದರೆ ನಾರಿಗಾಗಿಯೂ ಎಣ್ಣೆಬೀಜಕ್ಕಾಗಿಯೂ ಇದನ್ನು ಬೆಳೆದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಅಥರ್ವವೇದದ ಒಂದು ಮಂತ್ರದಲ್ಲಿ ಸೋಮವೇ ಮುಂದಾಳಾದ ಐದು ಸಸ್ಯಗಳ ಗಣನೆಯಲ್ಲಿ ಭಂಗವೂ ಸೇರಿದೆ. ಒಂದು ಕಾಲಕ್ಕೆ ಈ ಗಿಡ ಹೊಲದಲ್ಲೂ ಇತ್ತು, ಮಂತ್ರದಲ್ಲೂ ಇತ್ತು. ಅದನ್ನು ಮಡಿಯಿಂದ ಹೊರಗೆ ಹಾಕಿದವರು ಯಾರು?

ಧರ್ಮ ಹೊರಹಾಕಲಿಲ್ಲ ಎಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಕ್ಷೇತ್ರದಲ್ಲಿ ಜಾತ್ರೆಯ ಹೊತ್ತಿಗೆ ಗಾಂಜಾ ಪ್ರಸಾದವಾಗಿ ಸಲ್ಲುವ ರೂಢಿಯನ್ನು ಪತ್ರಿಕೆಗಳು ಹಲವು ಬಾರಿ ವರದಿ ಮಾಡಿವೆ. ಕಲ್ಯಾಣ ಕರ್ನಾಟಕದ ಅವಧೂತ, ಆರೂಢ ಪರಂಪರೆಗಳ ಕೆಲವರಿಗೆ ಅದು ಅಮಲಲ್ಲ, ಏಕಾಂತದ ಸಾಧನ. ಶಿಶುನಾಳ ಷರೀಫರ ತತ್ವಪದಗಳಲ್ಲಿ ಗುಡುಗುಡಿ ಕೂಡ ದೇಹ ಮತ್ತು ಸಾಧನೆಗಳ ರೂಪಕವಾಗಿ ನಿಂತದ್ದನ್ನು ಓದುಗರು ಬಲ್ಲರು. ಇದೆಲ್ಲವನ್ನೂ ಒಪ್ಪಬೇಕೆಂದಿಲ್ಲ. ಮನೆಯ ಹಿರಿಯರು ಇದನ್ನು ಮೆಚ್ಚಿದರೆಂದೂ ಅಲ್ಲ. 'ಭಂಗಿ ಸೇದುವವನು' ಎಂಬುದು ನಮ್ಮ ಹಳ್ಳಿಗಳಲ್ಲಿ ಹೊಗಳಿಕೆಯ ಮಾತಾಗಿರಲಿಲ್ಲ. ಆದರೆ ಹೀಗಳೆಯುವುದು ಬೇರೆ, ಗಿಡವನ್ನು ಕೀಳುವುದು ಬೇರೆ.

ಕೀಳುವ ಕೆಲಸ ಶುರುವಾದದ್ದು ಲೆಕ್ಕದ ಪುಸ್ತಕದಿಂದ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು 1793ರ ನಿಬಂಧನೆಯೊಂದರ ಮೂಲಕ, ಬಂಗಾಳದಲ್ಲಿ ಇಂಥ ಮಾದಕ ಪದಾರ್ಥಗಳನ್ನು ತಯಾರಿಸುವವರೂ ಮಾರುವವರೂ ಕಲೆಕ್ಟರನಿಂದ ಪರವಾನಗಿ ಪಡೆಯಬೇಕೆಂದು ವಿಧಿಸಿತು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬಂಗಾಳದ ಗಾಂಜಾ ಬೇಸಾಯವೆಲ್ಲ ರಾಜಶಾಹಿ ಜಿಲ್ಲೆಯ ನೌಗಾಂವ್ ಸುತ್ತಲಿನ ಒಂದು ಪ್ರದೇಶಕ್ಕೆ ಕುಗ್ಗಿತ್ತು. ಅದಕ್ಕೆ 'ಗಾಂಜಾ ಮಹಲ್' ಎಂದೇ ಹೆಸರು. ಅಲ್ಲಿ ಪರವಾನಗಿಯಿಲ್ಲದೆ ಒಂದು ಗಿಡವೂ ಏಳುವಂತಿರಲಿಲ್ಲ. ಗಂಡು ಗಿಡ ಪರಾಗ ಚೆಲ್ಲಿದರೆ ಹೆಣ್ಣು ಗಿಡ ಬೀಜ ಕಟ್ಟಿ ಗಾಂಜಾದ ಬೆಲೆ ಇಳಿಯುತ್ತದೆ. ಆದ್ದರಿಂದ ಎಳೆಯದರಲ್ಲೇ ಗಂಡನ್ನು ಗುರುತಿಸಿ ಕೀಳಿಸುವ 'ಪೊದ್ದಾರ' ಎಂಬ ಪರಿಣತನಿಗೆ ಕೂಲಿ ಕೊಟ್ಟು ಕರೆಸುತ್ತಿದ್ದರು. ಬೆಳೆದದ್ದೆಲ್ಲ ಸರ್ಕಾರದ ಮೇಲ್ವಿಚಾರಣೆಯ ಗೋಲಾಗಳಿಗೆ, ಅಂದರೆ ಗೋದಾಮುಗಳಿಗೆ ಹೋಗಿ, ತೂಗಿ, ಸುಂಕ ತೆತ್ತ ಮೇಲೆಯೇ ಪೇಟೆಗೆ. 1917ರಲ್ಲಿ ನೌಗಾಂವ್ ಬೆಳೆಗಾರರು ಒಂದು ಸಹಕಾರ ಸಂಘವನ್ನೂ ಕಟ್ಟಿಕೊಂಡರು. ಬೇರೆ ಪ್ರಾಂತಗಳಲ್ಲೂ ಬೇಸಾಯ ಹೀಗೆಯೇ ಕೆಲವು ತಾಣಗಳಿಗೆ ಸೇರಿಕೊಂಡಿತ್ತು. ಬೊಂಬಾಯಿ ಪ್ರಾಂತದಲ್ಲಿ ಅಹಮದನಗರ, ಮಧ್ಯ ಪ್ರಾಂತದಲ್ಲಿ ಖಂಡವಾ, ಮದರಾಸಿನಲ್ಲಿ ಕೃಷ್ಣಾ ಜಿಲ್ಲೆಯ ಕೆಲವು ಊರುಗಳು. ಆಗ ಪಂಜಾಬ್ ಪ್ರಾಂತಕ್ಕೆ ಸೇರಿದ್ದ ದೆಹಲಿಗೆ ಚರಸ್ ಬರುತ್ತಿದ್ದುದು ಯಾರ್ಕಂದಿನಿಂದ, ಲೇಹ್ ಮಾರ್ಗವಾಗಿ, ಹೇರು ಹೊತ್ತ ಕುದುರೆಗಳ ಬೆನ್ನ ಮೇಲೆ.

ಈ ವ್ಯವಸ್ಥೆಯಲ್ಲಿ ಹಿತ್ತಲ ಗಿಡಕ್ಕೆ ಜಾಗವಿರಲಿಲ್ಲ. ಕಾರಣ ಅದರ ಅಮಲಲ್ಲ, ಅದಕ್ಕೆ ಸುಂಕ ಬೀಳದಿದ್ದುದು. ಮನೆಯ ಹಿಂದೆ ನಾಲ್ಕು ಗಿಡ ಬೆಳೆದುಕೊಂಡವನು ಅಂಗಡಿಗೆ ಹೋಗುವುದಿಲ್ಲ. ಅಂಗಡಿಗೆ ಹೋಗದವನು ಖಜಾನೆಗೆ ದಕ್ಕುವುದಿಲ್ಲ. ಪ್ರಾಂತೀಯ ಅಬಕಾರಿ ಕಾಯಿದೆಗಳು ಪರವಾನಗಿಯಿಲ್ಲದ ಬೇಸಾಯವನ್ನು ಅಪರಾಧವಾಗಿಸಿದವು. ಭಂಗಿ ನಮ್ಮ ಹಿತ್ತಲುಗಳಿಂದ ಹೊರಬಿದ್ದದ್ದು ಮೊದಲು ಪಾಪವಾಗಿ ಅಲ್ಲ, ಬಾಕಿಯಾಗಿ.

ಪಾಪದ ಪ್ರಶ್ನೆ ಬಂದದ್ದು 1893ರಲ್ಲಿ. ಮದ್ಯಪಾನ ವಿರೋಧಿ ಚಳವಳಿಯ ಡಬ್ಲ್ಯೂ. ಎಸ್. ಕೇನ್ ಎಂಬ ಸದಸ್ಯ ಬ್ರಿಟನ್ನಿನ ಕಾಮನ್ಸ್ ಸಭೆಯಲ್ಲಿ ಬಂಗಾಳದ ಗಾಂಜಾದ ಬಗ್ಗೆ ಪ್ರಶ್ನೆಯೆತ್ತಿದ. ಅದರ ಫಲವಾಗಿ ಡಬ್ಲ್ಯೂ. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ನೇಮಕವಾಯಿತು. ಏಳು ಜನ ಸದಸ್ಯರಲ್ಲಿ ಮೂವರು ಭಾರತೀಯರು. ಅವರು 1,193 ಸಾಕ್ಷಿಗಳನ್ನು ವಿಚಾರಿಸಿ, ಮೂರು ಸಾವಿರಕ್ಕೂ ಹೆಚ್ಚು ಪುಟಗಳ, ಏಳು ಸಂಪುಟಗಳ ವರದಿಯನ್ನು 1894ರಲ್ಲಿ ಒಪ್ಪಿಸಿದರು. ಕಚೇರಿಯ ಕಡತಗಳ ನಡುವೆ ಬದುಕುವ ನನ್ನಂಥವರಿಗೆ ಆ ವರದಿಯಲ್ಲಿ ಅತ್ಯಂತ ಪರಿಚಿತವಾಗಿ ಕಾಣುವ ಭಾಗ ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಕುರಿತದ್ದು. ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂಬ ನಂಬಿಕೆಗೆ ಆಧಾರವಾಗಿದ್ದುದು ಆ ಆಸ್ಪತ್ರೆಗಳ ವಾರ್ಷಿಕ ಅಂಕಿ ಅಂಶ. ಆಯೋಗ ಒಂದೊಂದೇ ಪ್ರಕರಣದ ಮೂಲಕ್ಕೆ ಹೋಗಿ ನೋಡಿತು. ರೋಗಿಯ ವಿವರಪಟ್ಟಿಯಲ್ಲಿ 'ಕಾರಣ' ಎಂಬ ಅಂಕಣವಿತ್ತು, ಅದನ್ನು ತುಂಬಲೇಬೇಕಿತ್ತು. ಬೇರೇನೂ ತಿಳಿಯದಾಗ, ಬೀದಿಯಲ್ಲಿ ಸಿಕ್ಕ ಅನಾಥನನ್ನು ಕರೆತಂದ ಪೊಲೀಸರಿಂದಲೋ ಗುಮಾಸ್ತರಿಂದಲೋ ಅಲ್ಲಿಗೆ ಗಾಂಜಾ ಎಂಬ ಪದ ಬಂದು ಕೂರುತ್ತಿತ್ತು. ವಿಚಾರಣೆಯ ಮುಂದೆ ಆ ಸಂಖ್ಯೆಗಳ ಬಹುಪಾಲು ನಿಲ್ಲಲಿಲ್ಲ. ಅತಿಯಾದ ಸೇವನೆ ಕೆಲವರ ಮನಸ್ಸನ್ನು ಕೆಡಿಸಬಹುದು ಎಂಬುದನ್ನು ಆಯೋಗ ಅಲ್ಲಗಳೆಯಲಿಲ್ಲ. ಆದರೆ ಮಿತವಾಗಿ ಬಳಸುವವರೇ ಹೆಚ್ಚು, ಅವರಿಗೆ ಗಣನೀಯ ಹಾನಿಯಿಲ್ಲ ಎಂಬುದು ಅದರ ತೀರ್ಮಾನ. ಪೂರ್ಣ ನಿಷೇಧ ಬೇಡ, ಪರವಾನಗಿ ಮತ್ತು ತೆರಿಗೆಯ ಮೂಲಕ ನಿಯಂತ್ರಣ ಸಾಕು ಎಂದು ಅದು ಸಲಹೆಯಿತ್ತಿತು. ಹಿಮಾಲಯದ ತಪ್ಪಲಿನ ಉದ್ದಕ್ಕೂ ತಾನಾಗಿ ಬೆಳೆಯುವ, ಜನರ ಆಚರಣೆಗಳಲ್ಲಿ ಬೆರೆತ ಭಾಂಗನ್ನು ನಿಷೇಧಿಸಹೊರಡುವುದು ಆಗದ ಕೆಲಸವೆಂದೂ ಆಯೋಗಕ್ಕೆ ಅರಿವಾಗಿತ್ತು.

ಹಿತ್ತಲಿನ ಚರಿತ್ರೆಯಲ್ಲಿ ಇನ್ನೊಂದು ಎಳೆಯಿದೆ. ಒಂದು ಗಿಡವನ್ನು ಮಡಿಯಿಂದ ಹೊರಗೆ ಕಳಿಸಿದ ಅದೇ ಪ್ರಭುತ್ವ ಬೇರೆ ಗಿಡಗಳನ್ನು ಕೈಹಿಡಿದು ಒಳಗೆ ಕರೆತಂದಿತು. ಎರಡನೆಯ ಮಹಾಯುದ್ಧದ ನಡುವೆ, ಬರ್ಮಾದ ಅಕ್ಕಿ ನಿಂತು ಆಹಾರದ ಕೊರತೆ ಬಿಗಿಯಾದಾಗ, 'ಹೆಚ್ಚು ಆಹಾರ ಬೆಳೆಯಿರಿ' ಆಂದೋಲನ ಆರಂಭವಾಯಿತು. ಸ್ವಾತಂತ್ರ್ಯಾನಂತರವೂ ಅದು ಮುಂದುವರಿಯಿತು. ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಇಂದಿನ ರಾಷ್ಟ್ರಪತಿ ಭವನದ ಆವರಣದ ಒಂದು ಭಾಗವನ್ನು ಉಳಿಸಿ ಗೋಧಿ ಬಿತ್ತಿಸಿದರು, ತಾವೇ ನೇಗಿಲು ಹಿಡಿದರು. ಸಾಮ್ರಾಜ್ಯದ ಗರ್ವಕ್ಕೆಂದು ಹಾಸಿದ ನೆಲದಲ್ಲಿ ತೆನೆ ಎದ್ದದ್ದು ಆ ದಿನಗಳ ರಾಜಧಾನಿಗೆ ಒಂದು ಪಾಠವಾಗಿತ್ತು.

ಆ ಪಾಠಕ್ಕೆ ಬೀಜ ಒದಗಿಸಿದ ಸಂಸ್ಥೆ ದೆಹಲಿಯಲ್ಲೇ ಇತ್ತು. ಬಿಹಾರದ ಪೂಸಾದಲ್ಲಿ 1905ರಲ್ಲಿ ಸ್ಥಾಪನೆಯಾದ ಕೃಷಿ ಸಂಶೋಧನಾ ಸಂಸ್ಥೆ, 1934ರ ಭೂಕಂಪದಲ್ಲಿ ಕಟ್ಟಡ ಕುಸಿದ ಮೇಲೆ 1936ರಲ್ಲಿ ದೆಹಲಿಗೆ ಬಂತು. ಜೊತೆಗೆ ಊರಿನ ಹೆಸರನ್ನೂ ತಂದಿತು. ಪೂಸಾ ರೂಬಿ ಟೊಮ್ಯಾಟೊ, ಪೂಸಾ ಪರ್ಪಲ್ ಲಾಂಗ್ ಬದನೆ, ಪೂಸಾ ಸಾವನಿ ಬೆಂಡೆ. ಈ ಹೆಸರುಗಳನ್ನು ಕೇಳದ ತರಕಾರಿ ಬೆಳೆಗಾರ ಕರ್ನಾಟಕದಲ್ಲೂ ವಿರಳ. ಹಳದಿ ನಂಜು ರೋಗವನ್ನು ತಡೆಯುತ್ತಿದ್ದ ಪೂಸಾ ಸಾವನಿ ಕಾಲಕ್ರಮದಲ್ಲಿ ಆ ಶಕ್ತಿಯನ್ನು ಕಳೆದುಕೊಂಡಾಗ ಅದರ ಜಾಗಕ್ಕೆ ಬಂದ ತಳಿಗಳಲ್ಲಿ ಮುಖ್ಯವಾದ ಅರ್ಕಾ ಅನಾಮಿಕಾ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯದು. ದೆಹಲಿಯ ಹಿತ್ತಲಿನಲ್ಲಿ ಇಂದು ಬೆಂಡೆ ಊರುವ ಕನ್ನಡಿಗ, ತನಗರಿವಿಲ್ಲದೆಯೇ ಹೆಸರಘಟ್ಟದ ಬೀಜವನ್ನು ಯಮುನೆಯ ಮಣ್ಣಿಗೆ ಒಪ್ಪಿಸುತ್ತಿರಬಹುದು.

ವಿನಯನಗರ ಎಂಬ ಹೆಸರು ಹೊತ್ತು ಹುಟ್ಟಿ ಮುಂದೆ ಸರೋಜಿನಿ ನಗರವಾದ ಬಡಾವಣೆ, ಲೋಧಿ ಕಾಲೊನಿ, ರಾಮಕೃಷ್ಣಪುರಂ. ಇಲ್ಲೆಲ್ಲ ನೆಲಮಹಡಿಯ ಮನೆ ಸಿಕ್ಕಿತೆಂದರೆ ಹಿತ್ತಲೂ ಸಿಕ್ಕಿದಂತೆ. ದಕ್ಷಿಣದಿಂದ ವರ್ಗವಾಗಿ ಬಂದ ಗುಮಾಸ್ತರು, ಸೆಕ್ಷನ್ ಆಫೀಸರುಗಳು ಆ ಅಂಗೈಯಗಲದ ನೆಲದಲ್ಲಿ ತಮ್ಮ ಊರನ್ನು ಬೆಳೆದುಕೊಂಡರು. ಕರಿಬೇವು, ಬಸಳೆ, ದಂಟು, ಚಳಿಗೆ ಮುದುಡಿದರೂ ಮತ್ತೆ ಚಿಗುರುವ ದೊಡ್ಡಪತ್ರೆ. ರಾಮಕೃಷ್ಣಪುರಂನ ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮ ಮುಗಿಸಿ ಮರಳುವ ಸಂಜೆ ಕೈಗೆ ಬರುವ ಕರಿಬೇವಿನ ಕಡ್ಡಿ ಎಂಥ ಉಡುಗೊರೆ ಎಂಬುದು ಇಲ್ಲಿ ಬದುಕಿದವರಿಗಷ್ಟೇ ಗೊತ್ತು. ಇವೆಲ್ಲಕ್ಕೂ ನೀರು ಹಾಕಿದಾಗ ನೆನೆಯುತ್ತಿದ್ದ ಮಣ್ಣಿನಲ್ಲೇ ಭಾಂಗ್ ಕೂಡ ನೆನೆಯುತ್ತಿತ್ತು.

ಅದು ಬರಿಯ ಕಳೆಯಾಗಿದ್ದರೆ ಮಾತು ಇಲ್ಲಿಗೆ ಮುಗಿಯುತ್ತಿತ್ತು. 1961ರ ಅಂತರರಾಷ್ಟ್ರೀಯ ಮಾದಕ ವಸ್ತುಗಳ ಏಕ ಒಡಂಬಡಿಕೆ ಗಾಂಜಾವನ್ನು ಅತಿ ಕಠಿಣ ನಿಯಂತ್ರಣದ ಪಟ್ಟಿಗೆ ಸೇರಿಸಿತು. ಆದರೆ ಹೂವು ಹಣ್ಣುಗಳ ತುದಿಯಿಂದ ಬೇರ್ಪಟ್ಟ ಎಲೆ ಮತ್ತು ಬೀಜಗಳನ್ನು ಅದರ ವ್ಯಾಖ್ಯೆ ಹೊರಗಿಟ್ಟಿತು. ರೂಢಿಯಿದ್ದ ದೇಶಗಳಿಗೆ ವೈದ್ಯಕೀಯವಲ್ಲದ ಬಳಕೆಯನ್ನು ನಿಲ್ಲಿಸಲು 25 ವರ್ಷಗಳ ಗಡುವು ಸಿಕ್ಕಿತು. ಆ ಗಡುವು ಮುಗಿಯುವ ಮುನ್ನ, 1985ರ ನವೆಂಬರ್ 14ರಂದು, ಎನ್‌ಡಿಪಿಎಸ್ ಕಾಯಿದೆ ಜಾರಿಗೆ ಬಂತು. ಅದರ ವ್ಯಾಖ್ಯೆಯೂ ಅದೇ: ಚರಸ್ ಅಪರಾಧ, ಗಾಂಜಾ ಅಪರಾಧ, ತುದಿಯಿಲ್ಲದ ಎಲೆ ಮತ್ತು ಬೀಜ ಅಲ್ಲ. ಆದರೆ ಅದೇ ಕಾಯಿದೆಯ 8ನೆಯ ಕಲಮು ಗಿಡವನ್ನು ಬೆಳೆಯುವುದನ್ನೇ ನಿಷೇಧಿಸುತ್ತದೆ. 20ನೆಯ ಕಲಮಿನ ಪ್ರಕಾರ ಇಂದು ಅದಕ್ಕೆ ಹತ್ತು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಕಾನೂನಿನ ಗೆರೆ ಹೀಗೆ ಗಿಡದ ಮೈಮೇಲೆಯೇ ಹಾದುಹೋಗುತ್ತದೆ. ಎಲೆ ಅರೆಯಬಹುದು, ಹೂ ಮುಟ್ಟಬಾರದು. ಬೀಜ ತಿನ್ನಬಹುದು, ಬಿತ್ತಬಾರದು.

ಸರ್ಕಾರಿ ನೌಕರನಿಗೆ ಇನ್ನೂ ಒಂದು ಕಲಮು ಇದೆ. 47ನೆಯದು. ಎಲ್ಲಿಯಾದರೂ ಈ ಗಿಡವನ್ನು ಅಕ್ರಮವಾಗಿ ಬೆಳೆದದ್ದು ಗಮನಕ್ಕೆ ಬಂದರೆ ತಕ್ಷಣ ಪೊಲೀಸರಿಗೋ ಸಂಬಂಧಿಸಿದ ಇಲಾಖೆಗೋ ತಿಳಿಸುವುದು ಸರ್ಕಾರದ ಪ್ರತಿಯೊಬ್ಬ ಅಧಿಕಾರಿಯ, ಪಂಚ ಸರಪಂಚರ ಕರ್ತವ್ಯ. ತಿಳಿಸದಿದ್ದರೆ ಶಿಕ್ಷೆ. ಇಡೀ ಕಾಯಿದೆಯ ತೂಕ 'ಬೆಳೆದದ್ದು' ಎಂಬ ಒಂದು ಪದದ ಮೇಲೆ ನಿಂತಿದೆ. ತಾನಾಗಿ ಎದ್ದದ್ದು ಬೆಳೆದದ್ದಲ್ಲ. ಆದರೆ ಮೆಂತ್ಯಕ್ಕೆಂದು ಹಾಕಿದ ನೀರನ್ನು ಕುಡಿದು ಮೊಣಕಾಲೆತ್ತರ ಬಂದದ್ದು? ನೋಡಿಯೂ ಕೀಳದೆ ಬಿಟ್ಟದ್ದು? ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ. ಉತ್ತರ ಪ್ರದೇಶದ ಒಂದು ಹೊಲದಲ್ಲಿ ಸಿಕ್ಕ ಗಿಡಗಳ ಪ್ರಕರಣದಲ್ಲಿ, ಆರೋಪಿಯೇ ಅವನ್ನು ಬೆಳೆಸಿದನೆಂಬುದನ್ನು ಸಾಬೀತು ಮಾಡಬೇಕು, ಬೀಜ ಚದುರಿ ತಾನಾಗಿ ಮೊಳೆತಿರಲೂ ಸಾಧ್ಯ ಎಂಬ ನೆಲೆಯಲ್ಲಿ ಅದು ಆರೋಪಿಯನ್ನು ಬಿಡುಗಡೆ ಮಾಡಿತು. ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವೂ 2022ರ ಆಗಸ್ಟ್‌ನಲ್ಲಿ, 29 ಕಿಲೋ ಭಾಂಗ್ ಸಿಕ್ಕ ಬೆಂಗಳೂರಿನ ಪ್ರಕರಣದಲ್ಲಿ ಜಾಮೀನು ನೀಡುತ್ತ, ಭಾಂಗ್ ಈ ಕಾಯಿದೆಯಡಿ ನಿಷಿದ್ಧವೆಂದು ತೋರಿಸಲಾಗಿಲ್ಲ ಎಂಬುದನ್ನು ಗಮನಿಸಿತು.

ನ್ಯಾಯಾಲಯ ತಲುಪುವವರೆಗಿನ ದಾರಿಯೇ ಇಲ್ಲಿ ಮುಖ್ಯ. ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ವರ್ಷವರ್ಷವೂ ಒಂದೇ ಸುದ್ದಿ ಬರುತ್ತದೆ: ಮೆಣಸಿನ ಗಿಡದ ನಡುವೆ, ತೊಗರಿಯ ಸಾಲಿನಲ್ಲಿ, ಕಬ್ಬಿನ ಮರೆಯಲ್ಲಿ ಗಾಂಜಾ ಗಿಡ, ರೈತನ ಬಂಧನ. ಅವರಲ್ಲಿ ದುಡ್ಡಿನಾಸೆಗೆ ಬಿದ್ದವರಿದ್ದಾರೆ, ದಲ್ಲಾಳಿ ಕೊಟ್ಟ ಬೀಜವನ್ನು ಬಿತ್ತಿದವರಿದ್ದಾರೆ. ಎರಡು ಎಕರೆಯವನು ವಕೀಲರಿಗೂ ಜಾಮೀನಿಗೂ ಹೊಲ ಮಾರಿದರೆ ಮರಳಿ ಬಂದಾಗ ಬಿತ್ತಲು ಏನೂ ಉಳಿದಿರುವುದಿಲ್ಲ. ಹರೆಯದ ಮಕ್ಕಳು ಈ ಅಮಲಿಗೆ ಬಿದ್ದ ಮನೆಗಳ ಸಂಕಟವನ್ನೂ ನಾವು ಕಂಡಿದ್ದೇವೆ. ಅದನ್ನು ಹಗುರ ಮಾಡುವ ಮಾತು ಇದಲ್ಲ. ಆದರೆ ಗಿಡ ಸಿಕ್ಕಿದ ನೆಲದ ಮೇಲೆ ಮನುಷ್ಯನ ಭವಿಷ್ಯ ನಿರ್ಧಾರವಾಗುವುದು ನ್ಯಾಯವೇ ಎಂಬ ಪ್ರಶ್ನೆ ಉಳಿಯುತ್ತದೆ.

ರಾಷ್ಟ್ರ ರಾಜಧಾನಿ ಪ್ರದೇಶದಲ್ಲಂತೂ ಈ ನೆಲದ ಲೆಕ್ಕ ಇನ್ನಷ್ಟು ವಿಚಿತ್ರ. ಯಮುನೆ ದಾಟಿ ಉತ್ತರ ಪ್ರದೇಶಕ್ಕೆ ಕಾಲಿಟ್ಟರೆ ಸರ್ಕಾರದ ಪರವಾನಗಿ ಪಡೆದ ಭಾಂಗ್ ಅಂಗಡಿಗಳ ರಾಜ್ಯ. ಇನ್ನೂ ಉತ್ತರಕ್ಕೆ ಹೋದರೆ ಉತ್ತರಾಖಂಡ, 2018ರಲ್ಲಿ ನಾರಿಗಾಗಿ ಇದರ ವಾಣಿಜ್ಯ ಬೇಸಾಯಕ್ಕೆ ದೇಶದಲ್ಲೇ ಮೊದಲಾಗಿ ಅನುಮತಿ ಕೊಟ್ಟ ರಾಜ್ಯ. ಅಮಲಿನಂಶ ಶೇಕಡಾ 0.3 ಮೀರಬಾರದು ಎಂಬುದು ಷರತ್ತು. ಕುಮಾವೂಂ, ಗಢವಾಲದ ಮನೆಗಳಲ್ಲಿ ಇದರ ಬೀಜ ಹುರಿದು, ಹುಳಿ ಖಾರ ಸೇರಿಸಿ ಅರೆದ ಚಟ್ನಿ ನಮ್ಮ ಹುಚ್ಚೆಳ್ಳು ಚಟ್ನಿಯಷ್ಟೇ ಮನೆಮಾತು, ಅಷ್ಟೇ ನಿರಪಾಯ. ದೆಹಲಿಯಲ್ಲಿ ನೆಲೆಸಿದ ಪಹಾಡಿ ಕುಟುಂಬಗಳು ಊರಿನಿಂದ ಅದನ್ನು ತರಿಸಿಕೊಳ್ಳುವುದು ನಾವು ಗೊಜ್ಜವಲಕ್ಕಿಯ ಪುಡಿ ತರಿಸಿಕೊಂಡಂತೆಯೇ. 2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಬೀಜವನ್ನೂ ಅದರ ಎಣ್ಣೆಯನ್ನೂ ಹಿಟ್ಟನ್ನೂ ಆಹಾರವೆಂದು ಮಾನ್ಯ ಮಾಡಿತು. ಅದಕ್ಕೂ ಹಿಂದಿನ ವರ್ಷ, ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗದಲ್ಲಿ ಗಾಂಜಾವನ್ನು ಅತಿ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆಯುವ ನಿರ್ಣಯದ ಪರವಾಗಿ ಭಾರತ ಮತ ಹಾಕಿತ್ತು. ಪಾಣಿನಿಯ ಹೊಲ ಬಹು ದೂರದ ಸುತ್ತು ಹಾಕಿ, ಈಗ ಪ್ಯಾಕೆಟ್ಟಿನ ಮೇಲೆ ಅಚ್ಚಾದ ಬೆಲೆಯೊಂದಿಗೆ ಮರಳುತ್ತಿದೆ. ಆ ಹಿಟ್ಟು ಕೊಳ್ಳುವವರು ನಗರದವರು. ಗಿಡದ ಹೆಸರಿನಲ್ಲಿ ಜೈಲು ಕಂಡವರು ಹೆಚ್ಚಾಗಿ ಹಳ್ಳಿಯವರು.

ಈ ನಡುವೆ ಹಿತ್ತಲೇ ಕಾಣೆಯಾಗುತ್ತಿದೆ. 2016ರಲ್ಲಿ ಕೇಂದ್ರ ಸಂಪುಟವು ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರ ಮೊದಲಾದ ಏಳು ಸರ್ಕಾರಿ ಬಡಾವಣೆಗಳ ಪುನರ್ನಿರ್ಮಾಣಕ್ಕೆ ಒಪ್ಪಿಗೆ ನೀಡಿತು. 2018ರಲ್ಲಿ ಮರ ಕಡಿಯುವುದರ ವಿರುದ್ಧ ಜನ ಬೀದಿಗಿಳಿದರು, ಉಚ್ಚ ನ್ಯಾಯಾಲಯ ತಡೆ ನೀಡಿತು. ಮರಗಳನ್ನು ಎಣಿಸುವವರಿದ್ದರು, ಮಡಿಗಳನ್ನು ಎಣಿಸುವವರಿರಲಿಲ್ಲ. ಒಂದೆರಡು ಮಹಡಿಯ ಹಳೆಯ ಮನೆಗಳ ಜಾಗದಲ್ಲಿ ಏಳುತ್ತಿರುವ ಗೋಪುರಗಳಲ್ಲಿ ಬಾಲ್ಕನಿಯಿದೆ, ಲಿಫ್ಟ್ ಇದೆ, ನೀರು ತಪ್ಪದೆ ಬರುತ್ತದೆ. ಹೊಸ ಮನೆಗೆ ಹೋದವರಿಗೆ ಅದು ಸೌಖ್ಯವೇ. ಹೋಗದೆ ಉಳಿದದ್ದು ಮಣ್ಣು. ಎಪ್ಪತ್ತು ವರ್ಷ ಗೊಬ್ಬರ ಹಾಕಿ, ಕಸ ಕೊಳೆಸಿ, ತಲೆಮಾರುಗಳ ಬಾಡಿಗೆದಾರರು ಹದಮಾಡಿದ ಮಣ್ಣು ಲಾರಿಯಲ್ಲಿ ಎಲ್ಲಿಗೋ ಹೋಯಿತು. ಕರಿಬೇವಿನ ಗಿಡಗಳನ್ನು ಕುಂಡಕ್ಕೆ ಬದಲಾಯಿಸಿ ಕೆಲವರು ಹೊತ್ತೊಯ್ದರು. ಬಸಳೆ ಬಳ್ಳಿ ಹಬ್ಬಲು ಚಪ್ಪರವಿಲ್ಲ.

ಒಂದು ಗಿಡಕ್ಕೆ ಮಾತ್ರ ಈ ಕೆಡವುವಿಕೆಯಿಂದ ನಷ್ಟವಾದಂತಿಲ್ಲ. ತಗಡಿನ ಬೇಲಿಯ ಹಿಂದೆ, ಒಡೆದ ಇಟ್ಟಿಗೆಯ ರಾಶಿಯ ಮೇಲೆ ಫಾಲ್ಗುಣದಲ್ಲಿ ಮೊದಲು ಹಸಿರಾಗುವುದು ಅದೇ. ಸುಂಕ ಹಾಕಿದ ಕಂಪನಿಯೂ, ವಿಚಾರಣೆ ನಡೆಸಿದ ಆಯೋಗವೂ, ಗಡುವು ಕೊಟ್ಟ ಒಡಂಬಡಿಕೆಯೂ ಅದರ ಬೀಜಕ್ಕೆ ತಿಳಿದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಹತ್ತಿರದ್ದರ ಬಗೆಗಿನ ಅಸಡ್ಡೆಗೆ ಬಳಸುತ್ತೇವೆ. ಯಾವುದು ಮದ್ದು, ಯಾವುದು ಸೊಪ್ಪು, ಯಾವುದು ಅಪರಾಧ ಎಂಬುದನ್ನು ಹಿತ್ತಲಿನವರು ನಿರ್ಧರಿಸುತ್ತಿದ್ದ ಕಾಲವೊಂದಿತ್ತು. ಆ ನಿರ್ಧಾರ ಕಚೇರಿಗೆ ಹೋಗಿ ಇನ್ನೂರು ವರ್ಷಗಳ ಮೇಲಾಯಿತು. ಬರುವ ವಸಂತದಲ್ಲಿ ಬೆಂಡೆ ಊರಲು ಇಷ್ಟು ನೆಲ ಉಳಿದಿದ್ದರೆ, ಅದರ ಪಕ್ಕದಲ್ಲಿ ಕರೆಯದೆ ಬಂದದ್ದನ್ನು ಕೀಳುವಾಗ ಕೈಗಂಟುವ ವಾಸನೆಯಲ್ಲಿ ಈ ಇಡೀ ಚರಿತ್ರೆ ಇದೆ ಎಂಬುದಾದರೂ ನಮಗೆ ನೆನಪಿರಲಿ.